ಒಂದು ಕೆಸರು ಸರೋವರದ ಜಮಾಖರ್ಚು

ಆಹಾರ ಸರಪಳಿಯ ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಶಕ್ತಿಯ ಶೇ. 10 ಭಾಗ ಮಾತ್ರ ಸಾಗುತ್ತದೆ ಎಂದು ನೀವು ಜೀವಶಾಸ್ತ್ರದಲ್ಲಿ ಓದಿರುತ್ತೀರಿ. ಅನೇಕ ಕೈಪಿಡಿಗಳು ಇದನ್ನು 'ಲಿಂಡೆಮನ್ ನಿಯಮ' ಎಂದೇ ಕರೆಯುತ್ತವೆ. ಆದರೆ ರೇಮಂಡ್ ಲಿಂಡೆಮನ್ ಲೆಕ್ಕ ಹಾಕಿ ಕೊಟ್ಟ ಅಂಕಿಗಳು ಬೇರೆಯೇ ಇವೆ.

ಹುಲ್ಲು ಹೇರಳ, ಮಿಡತೆ ಕಡಿಮೆ, ಗಿಡುಗ ಅಪರೂಪ, ಏಕೆ? 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಇದನ್ನು ಸಂಖ್ಯೆಗಳ ಪಿರಮಿಡ್ಡಾಗಿ ವಿವರಿಸಿದರು. ಬೇಟೆಯಾಡುವ ಪ್ರಾಣಿ ಗಾತ್ರದಲ್ಲಿ ದೊಡ್ಡದು, ಸಂತಾನದಲ್ಲಿ ನಿಧಾನ ಎಂಬುದು ಅವರ ವಾದ. 1935ರಲ್ಲಿ ಟಾನ್ಸ್ಲೆ ಜೀವಿಗಳನ್ನೂ ಅವುಗಳ ಸುತ್ತಣ ನಿರ್ಜೀವ ವಸ್ತುಗಳನ್ನೂ ಸೇರಿಸಿ 'ಇಕೋಸಿಸ್ಟಮ್' ಎಂಬ ಪದವನ್ನು ಬಳಕೆಗೆ ತಂದರು. ಪದವೇನೋ ಸಿಕ್ಕಿತು, ಅದನ್ನು ಅಳೆಯುವ ಮಾನದಂಡ ಇನ್ನೂ ಬೇಕಾಗಿತ್ತು.

ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಬಾಗ್ ಎಂಬ ಸರೋವರವಿದೆ. ಆಳ ಸುಮಾರು ಒಂದು ಮೀಟರ್ ಅಷ್ಟೆ, ತಳದಲ್ಲೆಲ್ಲ ಕೆಸರು. ಡಾಕ್ಟರೇಟ್ ಪದವಿಗಾಗಿ ಲಿಂಡೆಮನ್ ಆರಿಸಿಕೊಂಡದ್ದು ಇದನ್ನೇ. ಪತ್ನಿ ಎಲೀನರ್ ನೆರವಿನೊಡನೆ ಅವರು ವರ್ಷಗಟ್ಟಲೆ ಅಲ್ಲಿನ ಪಾಚಿ, ಜಲಸಸ್ಯ, ಹುಳು, ಮೀನುಗಳನ್ನು ಸಂಗ್ರಹಿಸಿದರು. ಯಾವುದು ಯಾವುದನ್ನು ತಿನ್ನುತ್ತದೆಂದು ಚಿತ್ರ ಬರೆದಾಗ, ನಡುವೆ ಬಂದು ಕುಳಿತದ್ದು ಮೀನಲ್ಲ, ಕೆಸರು! ಸತ್ತದ್ದೆಲ್ಲ ಅಲ್ಲಿಗೇ ಇಳಿಯುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಕೊಳೆಯಿಸಿ ಮತ್ತೆ ಸಸ್ಯಗಳಿಗೆ ಗೊಬ್ಬರವಾಗಿಸುತ್ತವೆ. ಇಲ್ಲಿ ಸಜೀವ ಯಾವುದು, ನಿರ್ಜೀವ ಯಾವುದು ಎಂದು ಗೆರೆ ಎಳೆಯುವುದಾದರೂ ಹೇಗೆ? ಎರಡನ್ನೂ ಒಂದೇ ಲೆಕ್ಕಕ್ಕೆ ತರಬಲ್ಲ ನಾಣ್ಯ ಶಕ್ತಿಯೇ ಎಂದು ಲಿಂಡೆಮನ್ ಕಂಡುಕೊಂಡರು.

ಕ್ಯಾಲೊರಿಗಳಲ್ಲಿ ಅವರ ಜಮಾಖರ್ಚು ಹೀಗಿತ್ತು. ಸರೋವರದ ಮೇಲೆ ಬಿದ್ದ ಬಿಸಿಲಿನಲ್ಲಿ ಸಸ್ಯಗಳು ಹಿಡಿದಿಟ್ಟದ್ದು ಕೇವಲ ಶೇ. 0.10. ಅಂದರೆ ಚದರ ಸೆಂಟಿಮೀಟರಿಗೆ ವರ್ಷಕ್ಕೆ 111.3 ಕ್ಯಾಲೊರಿ. ಅದರಲ್ಲಿ ಸಸ್ಯಾಹಾರಿಗಳಿಗೆ ದಕ್ಕಿದ್ದು 14.8, ಎಂದರೆ ಶೇ. 13.3. ಮುಂದಿನ ಮಾಂಸಾಹಾರಿಗಳ ದಕ್ಷತೆ ಶೇ. 22.3. ಉಳಿದದ್ದು ಉಸಿರಾಟದಲ್ಲಿ ಶಾಖವಾಗಿ ಹೋಯಿತು, ಕೊಳೆಯಿತು, ಇಲ್ಲವೇ ಯಾರ ಬಾಯಿಗೂ ಬೀಳದೆ ಉಳಿಯಿತು. ಹೋಲಿಕೆಗೆ ತೆಗೆದುಕೊಂಡ ವಿಸ್ಕಾನ್ಸಿನ್ನಿನ ಮೆಂಡೋಟ ಸರೋವರದಲ್ಲಿ ಸಸ್ಯಾಹಾರಿಗಳ ದಕ್ಷತೆ ಶೇ. 8.7, ಮಾಂಸಾಹಾರಿಗಳದು ಶೇ. 5.5. ಹತ್ತು ಎಂಬುದು ನೆನಪಿಗೆ ಅನುಕೂಲವಾದ ಸರಾಸರಿ. ಪ್ರಕೃತಿ ಪಾಲಿಸುವ ಕಟ್ಟಳೆಯಲ್ಲ. ಆದರೂ ಪರೀಕ್ಷೆಯಲ್ಲಿ ಅಂಕ ಸಿಗುವುದು ಹತ್ತಕ್ಕೇ!

1941ರಲ್ಲಿ ಲಿಂಡೆಮನ್ ಯೇಲ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಹಚಿನ್‌ಸನ್ನರ ಮಾರ್ಗದರ್ಶನದಲ್ಲಿ ಪ್ರಬಂಧವನ್ನು ತಿದ್ದಿ 'ಇಕಾಲಜಿ' ಪತ್ರಿಕೆಗೆ ಕಳುಹಿಸಿದರು. ಪರಿಶೀಲಿಸಿದ ಇಬ್ಬರು ಹಿರಿಯ ಸರೋವರ ತಜ್ಞರು ಬೇಡವೆಂದರು: ಸಿದ್ಧಾಂತ ಹೆಚ್ಚು, ಆಧಾರ ಕಡಿಮೆ. ವಿಚಿತ್ರವೆಂದರೆ ಅವರಲ್ಲೊಬ್ಬರು ಚಾನ್ಸಿ ಜೂಡೆ. ಮೆಂಡೋಟದ ಅಂಕಿಗಳು ಅವರ ದುಡಿಮೆಯ ಫಲವೇ ಆಗಿದ್ದವು. ಅವರ ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆನ್ನಲಾಗದು. ಒಂದೆರಡು ಸರೋವರಗಳಿಂದ ಜಗತ್ತಿನ ಕೆರೆಗಳನ್ನೆಲ್ಲ ಅಳೆಯಬಹುದೇ? ಆದರೆ ಕಲ್ಪನೆಯೇ ಇಲ್ಲದಿದ್ದರೆ ಮುಂದಿನವರು ಏನನ್ನು ಅಳೆಯಬೇಕೆಂದು ತಿಳಿಯುವುದಾದರೂ ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಹಚಿನ್‌ಸನ್ ಸಂಪಾದಕರಿಗೆ ದೀರ್ಘವಾಗಿ ಬರೆದು ಶಿಷ್ಯನ ಪರ ನಿಂತರು. ಸಂಪಾದಕ ಥಾಮಸ್ ಪಾರ್ಕ್ ಕೊನೆಗೆ ತಜ್ಞರ ಮಾತನ್ನು ಬದಿಗಿಟ್ಟು ಪ್ರಬಂಧವನ್ನು ಸ್ವೀಕರಿಸಿದರು.

ಅದು 1942ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾಯಿತು. ಲಿಂಡೆಮನ್ ಅದನ್ನು ನೋಡಲಿಲ್ಲ. ಯಕೃತ್ತಿನ ಕಾಯಿಲೆಯಿಂದ ಬಳಲಿದ್ದ ಅವರು ಆ ವರ್ಷದ ಜೂನ್ 29ರಂದು, ಬದುಕಿನ 27ನೆಯ ವರ್ಷದಲ್ಲಿ, ತೀರಿಕೊಂಡಿದ್ದರು. ಪ್ರಬಂಧದ ಕೊನೆಗೆ ಹಚಿನ್‌ಸನ್ ಒಂದು ಪುಟ್ಟ ಟಿಪ್ಪಣಿ ಸೇರಿಸಿ ಓದುಗರಿಗೆ ಅದನ್ನು ತಿಳಿಸಿದರು.