ನಾಲ್ಕು ಸ್ಪೇಡ್ ಮತ್ತು ಒಂದು ಪಿಸ್ತೂಲು

ಬ್ರಿಡ್ಜ್ ಅಂದರೆ ಕ್ಲಬ್ಬುಗಳಲ್ಲಿ ರಿಟೈರ್ ಆದವರು ಕೂತು ಆಡೋ ಸದ್ದಿಲ್ಲದ ಆಟ ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ಅದೇ ಆಟದ ಒಂದು ಕೈ ಮುಗಿದ ಸ್ವಲ್ಪ ಹೊತ್ತಿಗೆ ಒಂದು ಹೆಣ ಬಿದ್ದಿತ್ತು ಅಂದ್ರೆ ನಂಬ್ತೀರಾ? ನನ್ನ ಪ್ರಕಾರ ಆ ಕಥೆ ಶುರುವಾಗೋದು ಅಂಕ ಬರೆಯೋ ಒಂದು ನಿಯಮದಿಂದ. ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಎದುರುಬದುರು ಕೂತವರು ಜೊತೆ, ತಲಾ 13 ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್. ಆಡೋ ಮೊದಲು ಹರಾಜು: ಯಾವುದು ತುರುಪು, ಎಷ್ಟು ಟ್ರಿಕ್ ಹಿಡಿತೀವಿ ಅಂತ ಕೂಗಬೇಕು. ಮೊದಲ ಆರು ಲೆಕ್ಕಕ್ಕಿಲ್ಲ. ಹಾಗಾಗಿ 'ಒಂದು ಸ್ಪೇಡ್' ಅಂದರೆ ಏಳು ಟ್ರಿಕ್, 'ನಾಲ್ಕು ಸ್ಪೇಡ್' ಅಂದರೆ ಹತ್ತು. ಎಲೆ ತೋರಿಸೋ ಹಾಗಿಲ್ಲ, ನಿಮ್ಮ ಕೈಯಲ್ಲೇನಿದೆ ಅಂತ ಜೊತೆಗಾರನಿಗೆ ತಿಳಿಯೋದು ಕೂಗಿನಿಂದಲೇ. ಇಪ್ಪತ್ತೆಂಟು ಆಡಿದವರಿಗೆ ಇದು ಬೇಗ ಹತ್ತುತ್ತೆ.

1920ರ ದಶಕದಲ್ಲಿ ಎಲ್ಲರೂ ಆಡ್ತಿದ್ದದ್ದು ಆಕ್ಷನ್ ಬ್ರಿಡ್ಜ್. ಅದರಲ್ಲಿ ಎರಡು ಸ್ಪೇಡ್ ಕೂಗಿ ಹತ್ತು ಟ್ರಿಕ್ ಹಿಡಿದರೂ ಹತ್ತಕ್ಕೂ ಅಂಕ, 'ಗೇಮ್' ನಿಮ್ಮದೇ. ಮೇಲಕ್ಕೆ ಕೂಗೋ ದರ್ದು ಯಾರಿಗಿತ್ತು? ಕೂಗಿದಷ್ಟಕ್ಕೇ ಗೇಮಿನ ಅಂಕ ಅನ್ನೋ ನಿಯಮ ಫ್ರಾನ್ಸಿನ ಪ್ಲಾಫೋನ್ ಆಟದಲ್ಲಿತ್ತು. 1925ರಲ್ಲಿ ಎಸ್.ಎಸ್. ಫಿನ್‌ಲ್ಯಾಂಡ್ ಹಡಗಿನಲ್ಲಿ ಪನಾಮಾ ಕಾಲುವೆ ಮೂಲಕ ಹವಾನಾ ಕಡೆ ಹೊರಟಿದ್ದ ಅಮೆರಿಕದ ಶ್ರೀಮಂತ ಹೆರಾಲ್ಡ್ ವಾಂಡರ್‌ಬಿಲ್ಟ್ ಆ ನಿಯಮಕ್ಕೆ ಹೊಸ ಅಂಕಪಟ್ಟಿ ಜೋಡಿಸಿದ. ದೊಡ್ಡದು ಕೂಗಿ ಗೆದ್ದರೆ ದೊಡ್ಡ ಬಹುಮಾನ, ಸೋತರೆ ದಂಡ. ಇದೇ ಕಾಂಟ್ರ್ಯಾಕ್ಟ್ ಬ್ರಿಡ್ಜ್. ಕೆಲವೇ ವರ್ಷಗಳಲ್ಲಿ ಹಳೇ ಆಟ ಮೂಲೆ ಸೇರಿತು.

ಈಗ ಸ್ಪೇಡಿನಲ್ಲಿ ಗೇಮ್ ಬೇಕಾದರೆ 'ನಾಲ್ಕು' ಅಂತ ಬಾಯಿಬಿಟ್ಟು ಹೇಳಲೇಬೇಕು. ಅಂದರೆ ಜೊತೆಗಾರನ ಮಾತನ್ನು ನಂಬಲೇಬೇಕು.

ಇಲ್ಲಿಗೆ ಬರ್ತಾರೆ ಬೆನೆಟ್ ದಂಪತಿ. 1929ರ ಸೆಪ್ಟೆಂಬರ್ 29, ಭಾನುವಾರ, ಮಿಸೌರಿಯ ಕ್ಯಾನ್ಸಸ್ ಸಿಟಿ. ಜಾನ್ ಬೆನೆಟ್ ಸುಗಂಧದ್ರವ್ಯ ಮಾರುವವನು. ಅವನೂ ಹೆಂಡತಿ ಮರ್ಟಲ್ ಕೂಡಾ ನೆರೆಮನೆಯ ಹಾಫ್‌ಮನ್ ದಂಪತಿಯ ಎದುರು ಕೂತಿದ್ದರು. ಜಾನ್ 'ಒಂದು ಸ್ಪೇಡ್' ಅಂದ. ಎದುರಾಳಿ 'ಎರಡು ಡೈಮಂಡ್'. ಮರ್ಟಲ್ ನೇರವಾಗಿ 'ನಾಲ್ಕು ಸ್ಪೇಡ್'. ಜಾನ್ ಆಡಿ ಸೋತ. ನೀನು ಜಾಸ್ತಿ ಕೂಗಿದೆ ಅಂತ ಇವನು, ನಿನಗೆ ಆಡೋಕೇ ಬರಲ್ಲ ಅಂತ ಅವಳು. ಅವನು ಅತಿಥಿಗಳ ಮುಂದೆಯೇ ಅವಳ ಕೆನ್ನೆಗೆ ಹೊಡೆದ, ಊರು ಬಿಟ್ಟು ಹೋಗ್ತೀನಿ ಅಂದ. ಪ್ರಯಾಣದಲ್ಲಿ ಅವನು ಪಿಸ್ತೂಲು ಒಯ್ಯುತ್ತಿದ್ದ. ಅದನ್ನು ತರಲು ಒಳಗೆ ಹೋದವಳು ಅದರಿಂದಲೇ ಅವನಿಗೆ ಗುಂಡು ಹಾರಿಸಿದಳು. ಮಾಜಿ ಸೆನೆಟರ್ ಜೇಮ್ಸ್ ರೀಡ್ ಅವಳ ವಕೀಲ. ಅದು ಆಕಸ್ಮಿಕ ಅಂತ ವಾದಿಸಿದ. 1931ರ ಮಾರ್ಚಿನಲ್ಲಿ ಜ್ಯೂರಿ ಅವಳನ್ನು ಬಿಡುಗಡೆ ಮಾಡಿತು.

ಆ ಕೈಯ 52 ಎಲೆಗಳ ಚಿತ್ರ ಆಮೇಲೆ ಎಲ್ಲೆಡೆ ಅಚ್ಚಾಯಿತು. ಬಹುಶಃ ಯಾರೋ ನಂತರ ಕೂತು ಕಟ್ಟಿದ್ದು. ಗುಂಡು ಹಾರಿದ ಮನೆಯಲ್ಲಿ ಯಾವ ಎಲೆ ಯಾರ ಕೈಲಿತ್ತು ಅಂತ ನೆನಪಿಟ್ಟುಕೊಳ್ಳೋರು ಯಾರು ಹೇಳಿ! ಅಚ್ಚಾದ ಕೈಯನ್ನೇ ನಂಬಿದರೂ ನಾನು ಮರ್ಟಲ್ ಪರ. ತಪ್ಪು ಜಾನ್‌ನ ಮೊದಲ ಕೂಗಿನಲ್ಲಿದೆ, ಅಷ್ಟು ಬಡಕಲು ಕೈಯಲ್ಲಿ ಸುಮ್ಮನಿರಬೇಕಿತ್ತು. ಹಳೇ ಆಟವಾಗಿದ್ದರೆ ಅವಳು ಎರಡಕ್ಕೇ ನಿಲ್ಲಿಸಬಹುದಿತ್ತು, ಬೈದಾಡೋಕೆ ಕಾರಣವೇ ಇರುತ್ತಿರಲಿಲ್ಲ.

ಈ ಗಂಡ-ಹೆಂಡತಿ ಜಗಳದಲ್ಲಿ ವ್ಯಾಪಾರ ಕಂಡವನು ಈಲಿ ಕಲ್ಬರ್ಟ್‌ಸನ್. ಒಂದು ಪದ್ಧತಿ ಕಲಿತು ಕೂಗಿ, ಮನೆಯಲ್ಲಿ ಶಾಂತಿ ಇರುತ್ತೆ ಅನ್ನೋ ಧಾಟಿ ಅವನದು. ಅವನ 'ಬ್ಲೂ ಬುಕ್' 1930ರಲ್ಲಿ ಬಂದು ಭರ್ಜರಿಯಾಗಿ ಮಾರಾಟವಾಯಿತು. ಸಿಡ್ನಿ ಲೆಂಜ್ ಮತ್ತಿತರ ಹಿರಿಯರು ತಮ್ಮದೇ 'ಅಫಿಶಿಯಲ್ ಸಿಸ್ಟಂ' ಹಿಡಿದು ಎದುರು ನಿಂತರು. 1931ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪಂದ್ಯ, 150 ರಬ್ಬರ್. ಕಲ್ಬರ್ಟ್‌ಸನ್ ಜೊತೆ ಬಹುಪಾಲು ಹೆಂಡತಿ ಜೋಸೆಫೀನ್, ಲೆಂಜ್ ಜೊತೆ ತರುಣ ಆಸ್ವಾಲ್ಡ್ ಜಾಕೋಬಿ. ಮೊದಮೊದಲು ಲೆಂಜ್ ಕಡೆಯೇ ಮುಂದಿತ್ತು. ಆದರೆ ಕೈಯಲ್ಲಿಲ್ಲದ್ದನ್ನು ಇದೆ ಅಂತ ಕೂಗಿ ಎದುರಾಳಿಯನ್ನು ದಾರಿ ತಪ್ಪಿಸೋದು ಜಾಕೋಬಿಯ ಚಟ, ದಾರಿ ತಪ್ಪುತ್ತಿದ್ದವನು ಲೆಂಜ್ :-) ನೂರು ರಬ್ಬರ್ ದಾಟಿದ ಮೇಲೆ ಮಾತಿಗೆ ಮಾತು ಬೆಳೆದು ಜಾಕೋಬಿ ಪಂದ್ಯವನ್ನೇ ಬಿಟ್ಟು ಹೋದ. ಪುಣ್ಯಕ್ಕೆ ಅಲ್ಲಿ ಪಿಸ್ತೂಲು ಇರಲಿಲ್ಲ.

1932ರ ಜನವರಿಯಲ್ಲಿ ಕಲ್ಬರ್ಟ್‌ಸನ್ 8,980 ಅಂಕಗಳಿಂದ ಗೆದ್ದ. ಅವನ ಪದ್ಧತಿಯೇ ಶ್ರೇಷ್ಠ ಅಂತ ಲಕ್ಷಾಂತರ ಜನ ಒಪ್ಪಿಕೊಂಡರು. ಆ 8,980ನ್ನು 150ರಿಂದ ಭಾಗಿಸಿ ನೋಡಿ. ರಬ್ಬರಿಗೆ 60ಕ್ಕೂ ಕಡಿಮೆ. ಒಂದು ಸಲ ನಾಲ್ಕು ಸ್ಪೇಡ್ ಕೂಗಿ ಗೆದ್ದರೆ ಸಿಗೋದು 120. ಪುಸ್ತಕ ಕೊಂಡವರು ಈ ಭಾಗಾಕಾರ ಮಾಡಿದ ಹಾಗೆ ಕಾಣಲ್ಲ.