ಎರಡು ರೋಲಿನ ಮದುವೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ತಾಲ್ಲೂಕು ಕೇಂದ್ರದ ಹಳೆಯ ಫೋಟೊ ಸ್ಟುಡಿಯೊಗೆ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಬಂದರು. ನಾವು ಅಲ್ಲೇ ಮೂಲೆಯಲ್ಲಿ ಕೂತು ಸುದ್ದಿ ಟೈಪ್ ಮಾಡುತ್ತಿದ್ದೆವು. ಜಿಲ್ಲಾ ಸ್ಟ್ರಿಂಗರುಗಳಿಗೆ ಕಚೇರಿ ಅಂತ ಇರುವುದಿಲ್ಲ. ಸ್ಟುಡಿಯೊ, ಝೆರಾಕ್ಸ್ ಅಂಗಡಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಇವೇ ನಮ್ಮ ಕಚೇರಿಗಳು.

"ತಮ್ಮಾ, ಎಂಬತ್ತೇಳರಾಗ ನನ್ನ ಮದಿವಿ ಫೋಟೊ ನಿಮ್ಮಪ್ಪಾರ ತಗದಿದ್ರು. ನೆಗೆಟಿವ್ ಐತೇನು ನೋಡಪಾ" ಎಂದು ಸ್ಟುಡಿಯೊ ಹುಡುಗನನ್ನು ಕೇಳಿದರು. ಹುಡುಗ ಎಂದರೆ ಅವನಿಗೂ ನಲವತ್ತಾಗಿದೆ. ಅಪ್ಪ ಕಟ್ಟಿದ ಸ್ಟುಡಿಯೊವನ್ನು ಅವನೀಗ ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಶನ್, ಫ್ಲೆಕ್ಸ್ ಬ್ಯಾನರುಗಳಿಂದ ನಡೆಸುತ್ತಿದ್ದಾನೆ.

"ನೆಗೆಟಿವ್ ಯಾಕ ಬೇಕಾತ್ರಿ ಅಕ್ಕಾ?"

"ಕೋರ್ಟಿಗೆ. ಮದಿವೀನ ಆಗಿಲ್ಲ ಅಂತಾನ."

ಗಂಡ ಬೇರೆ ಸಂಸಾರ ಹೂಡಿ ವರ್ಷಗಳೇ ಆಗಿವೆ. ಇವರು ಜೀವನಾಂಶಕ್ಕೆ ಅರ್ಜಿ ಹಾಕಿದಾಗ ಆತ ಮದುವೆಯನ್ನೇ ಅಲ್ಲಗಳೆದ. ನೋಂದಣಿ ಆಗಿಲ್ಲ. 1987ರಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಮದುವೆ ನೋಂದಣಿ ಮಾಡಿಸುತ್ತಿದ್ದವರು ಯಾರು? ಯಾವ ಧರ್ಮದವರ ಮದುವೆಯಾದರೂ ನೋಂದಣಿ ಆಗಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2006ರ ಫೆಬ್ರುವರಿಯಲ್ಲಿ. ಲಗ್ನಪತ್ರಿಕೆ, ಆಲ್ಬಂ ಎರಡೂ ಗಂಡನ ಮನೆಯ ಟ್ರಂಕಿನಲ್ಲಿದ್ದವು. ಈಗ ಟ್ರಂಕೂ ಇಲ್ಲ. ಮದುವೆ ಮಾಡಿಸಿದ ಅಯ್ಯನವರು ತೀರಿಕೊಂಡಿದ್ದಾರೆ. ಉಳಿದದ್ದು ಸ್ಟುಡಿಯೊದ ಅಟ್ಟ.

ನೆಗೆಟಿವ್ ಹುಡುಕಲು ನಾವೂ ಆ ಅಟ್ಟ ಹತ್ತಿದೆವು. ಮೂರು ದಿನ ಅಲ್ಲಿ ಕೂತೆವು. ಏನು ಸಿಕ್ಕಿತು ಅನ್ನುವುದನ್ನು ಆಮೇಲೆ ಹೇಳುತ್ತೇವೆ. ಆ ದೂಳಿನಲ್ಲಿ ಕೂತಾಗ ನಮ್ಮಂಥವರ ಮನೆಯ ಮದುವೆ, ಕುಬಸ, ಸಾವುಗಳು ಫೋಟೊದೊಳಗೆ ಬಂದದ್ದು ಹೇಗೆ ಎಂಬ ಯೋಚನೆ ಹತ್ತಿತು. ಈ ಬರಹ ಹುಟ್ಟಿದ್ದು ಹಾಗೆ.

ಫೋಟೊಗ್ರಫಿಯನ್ನು ಪ್ಯಾರಿಸ್ಸಿನಲ್ಲಿ ಜಗತ್ತಿನ ಮುಂದೆ ಬಿಚ್ಚಿಟ್ಟದ್ದು 1839ರ ಆಗಸ್ಟ್‌ನಲ್ಲಿ. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಹಳೇಬೀಡು, ಬೇಲೂರಿನ ಗುಡಿಗಳ ಫೋಟೊ ತೆಗೆದ. ಅವನಿಗೆ ಬೇಕಾಗಿದ್ದದ್ದು ಗೋಡೆ, ಕಂಬ, ಶಿಲ್ಪ. ಆಮೇಲೆ 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಲಂಡನ್ನಿನಲ್ಲಿ ಬಂದವು. ಅದರಲ್ಲಿ ಮನುಷ್ಯರೇನೋ ಇದ್ದಾರೆ, ಜಾತಿ ಬುಡಕಟ್ಟುಗಳ ಮಾದರಿಗಳಾಗಿ. ಮುಖವಿದೆ, ಬಹಳ ಕಡೆ ಹೆಸರಿಲ್ಲ. ಆಳುವವರಿಗೆ ಆಳಿಸಿಕೊಳ್ಳುವವರ ಪಟ್ಟಿ ಬೇಕಿತ್ತು.

ಗಂಡ ಹೆಂಡತಿ ಮಕ್ಕಳು ತಾವಾಗಿಯೇ ಹೋಗಿ, ದುಡ್ಡು ಕೊಟ್ಟು, ಕೂತು ತೆಗೆಸಿಕೊಳ್ಳುವ ಫೋಟೊದ ಕತೆ ಬೇರೆ. 1854ರಲ್ಲಿ ಪ್ಯಾರಿಸ್ಸಿನ ದಿಸ್ದೆರಿ ಎಂಬಾತ ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಸಣ್ಣ ಫೋಟೊ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಫೋಟೊ ಅಗ್ಗವಾಯಿತು, ಭಾವಚಿತ್ರದ ಅಂಗಡಿ ದೊಡ್ಡ ದೊಡ್ಡ ಊರುಗಳಲ್ಲಿ ಎದ್ದಿತು. ನಮ್ಮಲ್ಲಿ ಅರಮನೆಯವರು, ದಿವಾನರು, ವಕೀಲರು ಮೊದಲು ಕೂತರು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್ನಿನವರು ತಮ್ಮ ಶಾಲೆ, ಕಾರ್ಖಾನೆಗಳ ಜೊತೆಗೆ ಕ್ರೈಸ್ತ ಕುಟುಂಬಗಳ ಫೋಟೊಗಳನ್ನೂ ತೆಗೆದರು. ಅವು ಇವತ್ತಿಗೂ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಅವರ ಸಂಗ್ರಹದಲ್ಲಿ ಜೋಪಾನವಾಗಿವೆ. ಬೀದರ್, ಕಲಬುರಗಿ, ರಾಯಚೂರುಗಳನ್ನು ಆಳುತ್ತಿದ್ದ ನಿಜಾಮರ ಆಸ್ಥಾನದಲ್ಲಿ ರಾಜಾ ದೀನ್ ದಯಾಳ್ ಇದ್ದರು. ಅವರು 1892ರಲ್ಲಿ ಪರದೆಯ ಹೆಣ್ಣುಮಕ್ಕಳಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಅದನ್ನು ನೋಡಿಕೊಂಡವರು ಒಬ್ಬ ಇಂಗ್ಲಿಷ್ ಮಹಿಳೆ. ಆ ಬಾಗಿಲು ತೆರೆದದ್ದು ದೊಡ್ಡ ಮನೆತನಗಳಿಗೆ ಮಾತ್ರ ಅನ್ನುವುದು ಬೇರೆ ಮಾತು.

ನಮ್ಮ ತಾಲ್ಲೂಕಿನಂಥ ಊರುಗಳಿಗೆ ಸ್ಟುಡಿಯೊ ಬಂದದ್ದು ಬಹಳ ತಡವಾಗಿ. ಬರುವ ಮೊದಲು ಜಾತ್ರೆಯೇ ಸ್ಟುಡಿಯೊ. ಬಣ್ಣ ಬಳಿದ ಪರದೆ, ಮುಂದೆ ಒಂದು ಮರದ ಕುರ್ಚಿ, ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಹೊಸದಾಗಿ ಮದುವೆಯಾದವರು ಮೊದಲ ಜಾತ್ರೆಯಲ್ಲಿ ಅಲ್ಲಿ ನಿಲ್ಲುತ್ತಿದ್ದರು. ಎಷ್ಟೋ ಮನೆಗಳ 'ಮದುವೆ ಫೋಟೊ' ನಿಜವಾಗಿ ಮದುವೆಯ ಮರುವರ್ಷದ ಜಾತ್ರೆ ಫೋಟೊ.

ನಮಗೆ ಅಟ್ಟ ತೋರಿಸಿದ ಸ್ಟುಡಿಯೊದ ಹಿರಿಯರಿಗೆ ಈಗ ಎಪ್ಪತ್ತೆಂಟು. ಅವರು ಕೆಲಸ ಕಲಿತ ಸ್ಟುಡಿಯೊದಲ್ಲಿ ಕರೆಂಟ್ ನಂಬುವಂತಿರಲಿಲ್ಲ. ಮಾಡಿನ ಉತ್ತರ ಮಗ್ಗುಲಿಗೆ ಗಾಜಿನ ಹೆಂಚು ಹಾಕಿಸಿ, ಆ ಬೆಳಕಿನಲ್ಲಿ ತೆಗೆಯುತ್ತಿದ್ದರಂತೆ. ಮೋಡ ಬಂದರೆ ಗಿರಾಕಿ ಕಾಯಬೇಕು. ಗೋಡೆಗೆ ಒಂದು ಕೋಟು ತೂಗುಬಿದ್ದಿರುತ್ತಿತ್ತು. ಹೊಲದಿಂದ ಬಂದ ಮನುಷ್ಯ ಕೈಕಾಲು ತೊಳೆದು, ಪೌಡರ್ ಹಚ್ಚಿ, ಅದೇ ಕೋಟು ತೊಟ್ಟು ಕೂರುತ್ತಿದ್ದ. ಅಟ್ಟದ ಮೇಲೆ ಸಿಕ್ಕ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದಾಗ ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ ಹನ್ನೆರಡು ಗಂಡಸರು ಒಂದೇ ಕೋಟಿನಲ್ಲಿ ಕಂಡರು. ಎಡಗಿಸೆಯ ಹೊಲಿಗೆ ಬಿಚ್ಚಿದ್ದರಿಂದ ಗುರುತು ಸಿಕ್ಕಿತು.

ಜನ ಸುಮ್ಮನೆ ಬರುತ್ತಿರಲಿಲ್ಲ. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಮೂವರು ಒಟ್ಟಿಗೆ ನಿಂತರೆ ನಡುವಿನವರಿಗೆ ಕೇಡು ಎಂಬ ಮಾತು ಈಗಲೂ ಇದೆ. ಹೀಗಾಗಿ ಮುದುಕರ ಮೊದಲ ಫೋಟೊ ಬಹಳ ಸಲ ಕೊನೆಯ ಫೋಟೊವೂ ಆಗಿರುತ್ತಿತ್ತು. ನಮ್ಮ ಕಡೆ ಲಿಂಗಾಯತರಲ್ಲಿ ಹೆಣವನ್ನು ಕುಂದರಿಸುವ ಪದ್ಧತಿ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ರುಮಾಲು ಸುತ್ತಿ ಕುಂದರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ಸೇರಿದ ಮೇಲೆ ಫೋಟೊದವರಿಗೆ ಹೇಳಿ ಕಳಿಸುತ್ತಿದ್ದರು. ಹಿರಿಯರು ಹೇಳಿದರು: "ಮದಿವಿ ಆರ್ಡರ್ ಬಿಟ್ರೂ ಬಿಡಬೇಕು, ಸತ್ತವರ ಮನಿ ಆರ್ಡರ್ ಬಿಡಬಾರದ್ರಿ. ಮದಿವಿದು ನಾಳೆ ಬಂದ್ರೂ ಗಂಡ ಹೆಂಡ್ತಿ ಇರ್ತಾರ." ಆ ಫೋಟೊದಲ್ಲಿ ಅಜ್ಜಿಯ ಮುಖ ಒಂದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಮುಚ್ಚಿದ ಕಣ್ಣಿನ ಮೇಲೆ ಸಪೂರ ಬ್ರಶ್ಶಿನಿಂದ ತೆರೆದ ಕಣ್ಣು ಬರೆದು ಕಟ್ಟು ಹಾಕಿಸುತ್ತಿದ್ದರು. ನಮ್ಮ ಮನೆಯ ಪಡಸಾಲೆಯಲ್ಲಿರುವ ಮುತ್ತಜ್ಜಿಯ ಕಣ್ಣು ಅಂಥವೇ ಎಂದು ನಮಗೆ ಗೊತ್ತಾದದ್ದು ಆ ಮಾತಿನ ಮೇಲೆ. ಚಿಕ್ಕವರಿದ್ದಾಗ ಅಜ್ಜಿ ನಮ್ಮನ್ನೇ ದಿಟ್ಟಿಸುತ್ತಾಳೆ ಎಂದು ಹೆದರುತ್ತಿದ್ದೆವು.

ಹಳೇ ಮೈಸೂರು ಕಡೆ ಇದಕ್ಕೆ ಸರಿಸಮನಾಗಿ ನಿಲ್ಲುವುದು ಮೊಗ್ಗಿನ ಜಡೆಯ ಫೋಟೊ. ಮೈನೆರೆದ ಹುಡುಗಿಗೆ, ಸೀಮಂತದ ಬಸುರಿಗೆ ಮಲ್ಲಿಗೆ ಮೊಗ್ಗು ಪೋಣಿಸಿ ಜಡೆ ಹೆಣೆಯುತ್ತಾರೆ. ಅದು ಇರುವುದು ಬೆನ್ನಿನ ಮೇಲೆ. ಮುಖವೂ ಬೇಕು, ಜಡೆಯೂ ಬೇಕು. ಸ್ಟುಡಿಯೊದವರು ಹಿಂದೆ ಆಳೆತ್ತರದ ಕನ್ನಡಿ ನಿಲ್ಲಿಸಿ, ಓರೆಯಾಗಿ ನಿಲ್ಲಿಸಿ ಒಂದೇ ಫೋಟೊದಲ್ಲಿ ಎರಡನ್ನೂ ತಂದರು. ಕನ್ನಡಿಯಲ್ಲಿ ಕ್ಯಾಮೆರಾದವನ ಬಿಂಬ ಬೀಳದಂತೆ ಕೋನ ಹಿಡಿಯುವುದೇ ದೊಡ್ಡ ವಿದ್ಯೆ. ಇದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಹೆಣ್ಣುಮಕ್ಕಳ ಹಟ ಕಲಿಸಿತು.

ಇನ್ನು ಮದುವೆ. 120 ಫಿಲ್ಮಿನ ಒಂದು ರೋಲಿಗೆ ಚೌಕದ ಅಳತೆಯಲ್ಲಿ 12 ಫೋಟೊ. ಯಾಶಿಕಾ ಕ್ಯಾಮೆರಾ ಸ್ಟುಡಿಯೊದವರ ಕೊರಳಲ್ಲಿ, ಬರೋಡಾದಲ್ಲಿ ತಯಾರಾದ ಅಗ್ಫಾ ಕ್ಲಿಕ್ 3 ನೌಕರದಾರರ ಮನೆಯ ಕಪಾಟಿನಲ್ಲಿ, ಎರಡಕ್ಕೂ ಅದೇ 12ರ ಲೆಕ್ಕ. ಊಟಿಯಲ್ಲಿ 1960ರಲ್ಲಿ ಸರ್ಕಾರವೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಸ್ಥಾಪಿಸಿತು. ಅದರ 'ಇಂದು' ಫಿಲ್ಮ್ ಬಂದ ಮೇಲೆ ಸಣ್ಣ ಊರಿನವರಿಗೂ ಫಿಲ್ಮ್ ಕೈಗೆಟುಕಿತು. ಆದರೂ ಸಾಧಾರಣ ಮನೆಯವರ ಮದುವೆಗೆ ಎರಡೇ ರೋಲು. ಎರಡು ಗುಂಡಿ ಒತ್ತು ಕೆಡುತ್ತದೆ ಎಂದು ಹಿಡಿದರೆ ಉಳಿದದ್ದು 22.

ಆ ಇಪ್ಪತ್ತನಾಲ್ಕನ್ನು ಹೇಗೆ ಹಂಚುತ್ತಿದ್ದಿರಿ ಎಂದು ಕೇಳಿದೆವು. ಬೆರಳು ಮಡಿಚುತ್ತ ಹೇಳಿದರು: ಅರಿಷಿಣ ಹಚ್ಚಿದ್ದು ಒಂದು, ಸುರಗಿ ಒಂದು, ತಾಳಿ ಕಟ್ಟುವುದಕ್ಕೆ ಎರಡು, ಏಕೆಂದರೆ ಅದು ತಪ್ಪಿದರೆ ಸ್ಟುಡಿಯೊ ಮುಚ್ಚಿ ಊರು ಬಿಡಬೇಕು. ಅಕ್ಕಿಕಾಳು ಒಂದು. ಗಂಡಿನವರ ಕಡೆಯ ಗುಂಪು, ಹೆಣ್ಣಿನವರ ಕಡೆಯ ಗುಂಪು, ಎರಡಕ್ಕೂ ಸಮಸಮ. ಒಂದು ಹೆಚ್ಚು ಕಡಿಮೆಯಾದರೆ ಬೀಗರಿಗೆ ಮುನಿಸು. ಊರ ಗೌಡರು, ಅಯ್ಯನವರು ಒಂದು. ಕೊನೆಗೆ ಗಂಡ ಹೆಂಡತಿ ಇಬ್ಬರೇ ನಿಂತದ್ದು ಒಂದು, ಅದಕ್ಕೆ ಹುಡುಗಿ ತಲೆ ಎತ್ತಿದರೆ ಪುಣ್ಯ.

ಆ ಲೆಕ್ಕದಲ್ಲಿ ಜಾಗ ಸಿಗದವರೂ ಇದ್ದರು. ಅಡಿಗೆಯವರು, ಹಲಗಿ ಬಾರಿಸುವವರು ಇಲ್ಲ. ಗಂಡ ಸತ್ತ ತಾಯಿ ಮಗಳ ಮದುವೆಯ ಗುಂಪು ಫೋಟೊದಲ್ಲಿ ಇಲ್ಲ, ಅಥವಾ ಹಿಂದಿನ ಸಾಲಿನ ಅಂಚಿನಲ್ಲಿ ಅರ್ಧ ಮುಖ. ನಾವು ನೋಡಿದ ಪೆಟ್ಟಿಗೆಗಳಲ್ಲಿ ಕೇರಿಯ ಮದುವೆಗಳು ಎಂಬತ್ತರ ದಶಕದ ನಡುವಿನಿಂದೀಚೆಗಷ್ಟೇ ಕಾಣಿಸುತ್ತವೆ. ಅದಕ್ಕಿಂತ ಮೊದಲು ಅವರ ಮನೆಗಳಿಗೆ ಕ್ಯಾಮೆರಾ ಹೋಗಲಿಲ್ಲವೋ, ಕರೆಯುವಷ್ಟು ದುಡ್ಡಿರಲಿಲ್ಲವೋ ಎಂದು ಕೇಳಿದರೆ ಹಿರಿಯರು ಮಾತು ಬದಲಿಸಿದರು. ನಾವು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಚುಚ್ಚಿತು. ಹೆಣ್ಣಿನ ಮದುವೆ ವಯಸ್ಸು 1978ರ ತಿದ್ದುಪಡಿಯಿಂದ ಹದಿನೆಂಟಾಗಿತ್ತು. ಎಂಬತ್ತರ ದಶಕದ ನೆಗೆಟಿವ್‌ಗಳಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ ಎಷ್ಟೋ ಮದುಮಗಳು ಕೂಸುಗಳು. ಸೀರೆಯ ಭಾರಕ್ಕೆ ಒಂದು ಕಡೆ ವಾಲಿದ್ದಾರೆ. ನಮ್ಮಲ್ಲಿ ಅನೇಕ ಸ್ಟ್ರಿಂಗರುಗಳು ಹೊಟ್ಟೆಪಾಡಿಗೆ ಮದುವೆ ಫೋಟೊ ತೆಗೆಯುತ್ತೇವೆ, ಮುಚ್ಚಿಡುವಂಥದ್ದೇನಿಲ್ಲ. ಒಂದು ಸುದ್ದಿಗೆ ಸಿಗುವ ದುಡ್ಡಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಸಹ ಬರುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಅಂಥ ಮದುವೆ ನಡೆಸಿದವರ ಜೊತೆ ಕುಮ್ಮಕ್ಕು ಕೊಟ್ಟವರನ್ನೂ ಹಿಡಿಯುತ್ತದೆ. ಆದ್ದರಿಂದ ಆರ್ಡರ್ ಹಿಡಿಯುವ ಮೊದಲು ಹುಡುಗಿಯ ಮಾರ್ಕ್ಸ್ ಕಾರ್ಡ್ ಕೇಳುತ್ತೇವೆ. ಕೇಳಿದ್ದಕ್ಕೆ ಎರಡು ಆರ್ಡರ್ ಕಳೆದುಕೊಂಡಿದ್ದೇವೆ. ಆ ಮದುವೆಗಳು ನಿಂತವೋ ಬೇರೆ ಕ್ಯಾಮೆರಾದ ಮುಂದೆ ನಡೆದವೋ, ಬೆನ್ನು ಹತ್ತಿ ಹೋಗಲಿಲ್ಲ.

1993ರಲ್ಲಿ ಟಿ. ಎನ್. ಶೇಷನ್ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಬೇಕೆಂದರು. ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದ ಅಜ್ಜಿಯರೂ ಶಾಲೆಯ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂರಬೇಕಾಯಿತು. ಎಷ್ಟೋ ಮನೆಗಳಲ್ಲಿ ಹಾರ ಹಾಕಿದ ಫೋಟೊ ಆ ಚೀಟಿಯಿಂದಲೇ ದೊಡ್ಡದು ಮಾಡಿಸಿದ್ದು.

ಅಷ್ಟರಲ್ಲಿ ಬಣ್ಣ ಬಂದಿತ್ತು. ರೋಲನ್ನು ನಗರದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ ವಾರ ಕಾಯುತ್ತಿದ್ದರು. ಹಿಂದೆಯೇ ವಿಡಿಯೊ ಕ್ಯಾಸೆಟ್, ಆಮೇಲೆ ಸಿ.ಡಿ., ದಪ್ಪ ಹಾಳೆಯ ಕರಿಶ್ಮಾ ಆಲ್ಬಂ, ಡ್ರೋನ್, ಹೊಲದ ಬದುವಿನ ಮೇಲೆ ಗೌನು ತೊಟ್ಟು ಓಡುವ ಪ್ರೀ ವೆಡ್ಡಿಂಗ್. ಈ ಭಾಗ ಎಲ್ಲರಿಗೂ ಗೊತ್ತು. ತಮಾಷೆ ಎಂದರೆ, ಅಜ್ಜನ ಕಪ್ಪುಬಿಳುಪು ಫೋಟೊ ಇನ್ನೂ ಗಟ್ಟಿ. ಅಪ್ಪ ಅವ್ವನ ಕಲರ್ ಫೋಟೊ ಕೆಂಪಗಾಗಿದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ನಾವು ಐದು ವರ್ಷದ ಹಿಂದೆ ತೆಗೆದ ಒಂದು ಮದುವೆಯ ಎರಡು ಸಾವಿರ ಫೋಟೊ ಹಾರ್ಡ್ ಡಿಸ್ಕ್ ಜೊತೆಗೇ ಹೋದವು. ಆ ಮನೆಯವರಿಗೆ ಇನ್ನೂ ಮುಖ ತೋರಿಸಿಲ್ಲ.

ಮತ್ತೆ ಅಟ್ಟಕ್ಕೆ. ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೆಗೆಯುವವರು ಊರೂರಿಗೆ ಬಂದು ಹಳೆಯ ಎಕ್ಸ್‌ರೇ, ನೆಗೆಟಿವ್‌ಗಳನ್ನು ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತಾರೆ. ಸ್ಟುಡಿಯೊದ ಮಗ ಮೊಮ್ಮಗಳ ಶಾಲೆ ಫೀಸಿನ ಹೊತ್ತಿಗೆ ಕೆಲವು ಪೆಟ್ಟಿಗೆ ಕೊಟ್ಟುಬಿಟ್ಟಿದ್ದ. ಅಪ್ಪನಿಗೆ ಹೇಳಿರಲಿಲ್ಲ. 1985ರಿಂದ 1988ರವರೆಗಿನವು ಆ ಪೆಟ್ಟಿಗೆಗಳಲ್ಲಿದ್ದವು. ಮೂರನೆಯ ದಿನ ಇದು ಹೊರಬಿದ್ದಾಗ ಅಪ್ಪ ಮಗ ಇಬ್ಬರೂ ನಮ್ಮ ಮುಖ ನೋಡಲಿಲ್ಲ. ಹೆಣ್ಣುಮಗಳು ಮಾತ್ರ, "ಹೋಗ್ಲಿ ಬಿಡ್ರಿ ಕಾಕಾ, ನಿಮಗರ ಹೆಂಗ ಗೊತ್ತಾಗಬೇಕು" ಎಂದರು.

ಹಿರಿಯರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ರಿಜಿಸ್ಟರ್. ಅದನ್ನು ಯಾರೂ ಕೊಂಡಿರಲಿಲ್ಲ, ಅದರಲ್ಲಿ ಬೆಳ್ಳಿ ಇಲ್ಲವಲ್ಲ. 1987ರ ಮೇ ತಿಂಗಳ ಹಾಳೆಯಲ್ಲಿ ತಾರೀಖು, ಊರು, ಮದುಮಗನ ಹೆಸರು, ಅವನ ತಂದೆಯ ಹೆಸರು, ಪಕ್ಕದಲ್ಲಿ "ಮದಿವಿ, 2 ರೋಲ್, 24 ಕಾಪಿ". ಕೊನೆಯ ಕಲಮಿನಲ್ಲಿ "ಬಾಕಿ 40", ಕೆಳಗೆ ಅದೇ ಮದುಮಗನ ಸಹಿ.

"ಆ ನಲವತ್ತು ರೂಪಾಯಿ ಕೊಡಲೇ ಇಲ್ಲ ನೋಡ್ರಿ ಆ ಮನಷ್ಯಾ" ಎಂದರು ಹಿರಿಯರು.

ವಕೀಲರು ರಿಜಿಸ್ಟರ್ ನೋಡಿದ್ದಾರೆ. ಹಿರಿಯರು ಸಾಕ್ಷಿ ಹೇಳಲು ಒಪ್ಪಿದ್ದಾರೆ, ಮೊಣಕಾಲು ನೋವಿದ್ದರೂ ಕೋರ್ಟಿನ ಮೆಟ್ಟಿಲು ಹತ್ತುತ್ತೇನೆ ಅಂದಿದ್ದಾರೆ. ಎರಡು ಸಲ ತಾರೀಖು ಮುಂದಕ್ಕೆ ಹೋಗಿದೆ. ಉಳಿದ ಒಂಬತ್ತು ಪೆಟ್ಟಿಗೆ ನೆಗೆಟಿವ್ ಸದ್ಯ ನಮ್ಮ ಮನೆಯಲ್ಲಿವೆ. ರಾತ್ರಿ ಹೊತ್ತು ಬಿಳಿ ಪರದೆ ಹಾಕಿದ ಮೊಬೈಲಿನ ಮೇಲೆ ಒಂದೊಂದನ್ನೇ ಇಟ್ಟು ಇನ್ನೊಂದು ಮೊಬೈಲಿನಿಂದ ತೆಗೆದುಕೊಂಡು, ರಿಜಿಸ್ಟರಿನ ನಂಬರಿಗೆ ಹೊಂದಿಸುತ್ತಿದ್ದೇವೆ. 1974ರಿಂದ ಶುರು ಮಾಡಿ 1979ಕ್ಕೆ ಬಂದಿದ್ದೇವೆ.