ದಂಡನೆ, ಸುಧಾರಣೆ ಮತ್ತು ಕರ್ನಾಟಕದ ಸೆರೆಮನೆ

ತಪ್ಪಿಗೆ ತಕ್ಕ ನೋವನ್ನು ಅಪರಾಧಿಯು ಅನುಭವಿಸಲೇಬೇಕೆಂಬುದು ದಂಡನಾವಾದ. ಸೆರೆಯ ಅವಧಿಯು ಅವನನ್ನು ಮರಳಿ ಊರಿನಲ್ಲಿ ಬಾಳಬಲ್ಲವನನ್ನಾಗಿ ಮಾಡಬೇಕೆಂಬುದು ಸುಧಾರಣಾವಾದ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ರಾಜದಂಡವು ವ್ಯವಹಾರಾಧ್ಯಾಯದಲ್ಲಿಯೂ, ತಪ್ಪಿತಸ್ಥನ ಶುದ್ಧಿಯ ವಿಚಾರವು ಪ್ರಾಯಶ್ಚಿತ್ತಾಧ್ಯಾಯದಲ್ಲಿಯೂ ಬರುತ್ತವೆ. ಅಲ್ಲಿ ದಂಡದ ಪ್ರಮಾಣವು ವರ್ಣಕ್ಕೆ ತಕ್ಕಂತೆ ಏರಿಳಿಯುತ್ತಿದ್ದುದರಿಂದ ಆ ವ್ಯವಸ್ಥೆಯನ್ನು ಮಾದರಿಯೆಂದು ಎತ್ತಿಹಿಡಿಯಲಾಗದು. ವರ್ಷಗಟ್ಟಲೆ ಕೂಡಿಹಾಕುವುದನ್ನೇ ಮುಖ್ಯ ಶಿಕ್ಷೆಯಾಗಿಸಿದ ಇಂದಿನ ಸೆರೆಮನೆಯಾದರೋ ಬಹುಮಟ್ಟಿಗೆ ವಸಾಹತು ಆಡಳಿತದ ಸೃಷ್ಟಿ.

ಮೆಕಾಲೆಯ ಸಲಹೆಯಂತೆ ನೇಮಕವಾದ ಕಾರಾಗೃಹ ಶಿಸ್ತು ಸಮಿತಿಯು 1838ರ ವರದಿಯಲ್ಲಿ ಕೈದಿಗಳ ನೈತಿಕ ಸುಧಾರಣೆಯ ಯೋಚನೆಯನ್ನು ತಳ್ಳಿಹಾಕಿ, ಬೇಸರ ತರುವ ಕಠಿಣ ದುಡಿಮೆಯೇ ತಕ್ಕುದೆಂದು ಸಾರಿತು. 1894ರ ಕಾರಾಗೃಹ ಕಾಯಿದೆಯೂ ಮುಖ್ಯವಾಗಿ ಶಿಸ್ತು ಮತ್ತು ಕಾವಲುಗಳ ಕಾಯಿದೆಯೇ ಆಗಿತ್ತು. ಸುಧಾರಣೆಯೂ ಸೆರೆಮನೆಯ ಗುರಿಯೆಂದು ಮೊದಲಿಗೆ ಒಪ್ಪಿಕೊಂಡದ್ದು 1919–20ರ ಭಾರತೀಯ ಜೈಲು ಸಮಿತಿ.

ಆ ಮಾತು ಕಾಗದದಲ್ಲಿದ್ದಾಗಲೇ ಶಿಕಾರಿಪುರ ಸೀಮೆಯು ದಂಡನೆಯ ಅತ್ಯಂತ ಕಠೋರ ರೂಪವನ್ನು ಕಂಡಿತು. 1942ರ ಚಳವಳಿಯಲ್ಲಿ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡ ಈಸೂರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. ಮೈಸೂರು ಸಂಸ್ಥಾನದ ಆಡಳಿತವು ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಿತು. ಕೆಲವೇ ವರ್ಷಗಳಲ್ಲಿ ರಾಜ್ಯವೇ ಬದಲಾಗಿ, ಅಂದಿನ ಅಪರಾಧಿಗಳು ಇಂದು ಹುತಾತ್ಮರೆನಿಸಿದ್ದಾರೆ. ಕೊಲೆಯಾದ ಅಧಿಕಾರಿಗಳ ಮನೆಯವರ ದುಃಖವನ್ನು ಕಡೆಗಣಿಸದೆಯೂ, ತಿದ್ದಲಾಗದ ಶಿಕ್ಷೆಯ ವಿಷಯದಲ್ಲಿ ಪ್ರಭುತ್ವಕ್ಕೆ ಎಷ್ಟು ಎಚ್ಚರ ಬೇಕೆಂಬುದನ್ನು ಈ ಘಟನೆಯಿಂದ ಅರಿಯಬಹುದು.

ಸ್ವಾತಂತ್ರ್ಯಾನಂತರ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಬಿಡಲು ಅವಕಾಶ ಕೊಡುವ ಪರಿವೀಕ್ಷಣಾ ಕಾಯಿದೆಯು 1958ರಲ್ಲಿ ಬಂದಿತು. ಎತ್ತರದ ಗೋಡೆಗಳಿಲ್ಲದೆ, ನಂಬಿಕೆಯ ಮೇಲೆ ಕೈದಿಗಳಿಂದ ಬೇಸಾಯ ಮಾಡಿಸುವ ಬಯಲು ಬಂದೀಖಾನೆಯು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಆರಂಭವಾಯಿತು. ಬೆಂಗಳೂರು ಜೈಲಿನ ಕೈದಿಯೊಬ್ಬರು ಬರೆದ ಪತ್ರದಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ದಟ್ಟಣೆ, ವಿಚಾರಣೆಯ ವಿಳಂಬ, ಚಿತ್ರಹಿಂಸೆ, ಆರೋಗ್ಯದ ಕಡೆಗಣನೆ ಮುಂತಾದ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು.

ಸುಧಾರಣೆಯೆಂಬುದು ಉಪದೇಶವಷ್ಟೇ ಆಗದೆ ಅನುಭವವಾಗಬಲ್ಲುದೆಂಬುದಕ್ಕೆ ಕರ್ನಾಟಕ ಕೊಟ್ಟ ಬಲವಾದ ಸಾಕ್ಷಿ ಜೈಲು ರಂಗಭೂಮಿ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಕೈದಿಗಳನ್ನು ರಂಗಕ್ಕೆ ತಂದರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ಅನ್ನು ಆಧರಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಕೈದಿಗಳು ಅಭಿನಯಿಸಿದರು. ರಕ್ತದ ಕಲೆ ತೊಳೆದರೂ ಹೋಗದೆಂಬ ಅರಿವಿನ ಸುತ್ತ ಹೆಣೆದ ಆ ಕಥೆಯನ್ನು ಸ್ವತಃ ಶಿಕ್ಷೆ ಅನುಭವಿಸುತ್ತಿರುವವರು ಆಡುವಾಗ, ಮಾಡಿದ್ದನ್ನು ಮರೆಯುವುದರ ಬದಲು ಎದುರಿಸುವ ದಾರಿಯೊಂದು ತೆರೆಯುತ್ತದೆ. ಸುಧಾರಣೆಯನ್ನು ಕೈದಿಗೆ ತೋರುವ ಮೆದುತನವೆಂದು ಬಗೆಯುವವರು ಇಂತಹ ತಾಲೀಮನ್ನು ಕಾಣದವರೆಂದೇ ಹೇಳಬೇಕು.

ಆದರೂ ದಂಡನಾವಾದ ಹಿಂದೆ ಸರಿದಿಲ್ಲ. ಕರ್ನಾಟಕದ್ದೇ ಆದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಗಲ್ಲನ್ನು ತಪ್ಪಿಸಿ, ಶಿಕ್ಷೆಯ ಮಾಫಿಗೆ ಅವಕಾಶವಿಲ್ಲದ, ಬದುಕಿನ ಕೊನೆಯವರೆಗಿನ ಸೆರೆಯನ್ನು ವಿಧಿಸಿತು. ಸನ್ನಡತೆಯ ಬಿಡುಗಡೆಯ ಆಸೆಯನ್ನೇ ಅಳಿಸುವ ಈ ಶಿಕ್ಷೆಯಲ್ಲಿ ಸುಧಾರಣೆಗೆ ಅರ್ಥವೇನು ಉಳಿಯುತ್ತದೆಂಬ ಪ್ರಶ್ನೆಗೆ ಸಮರ್ಪಕ ಉತ್ತರ ದೊರೆತಿಲ್ಲ. ದಂಡನಾವಾದದ ನಿಜವಾದ ಬಲವಿರುವುದು ನೊಂದವರ ನೋವಿನಲ್ಲಿ. ಅದಕ್ಕೆ ಸುಧಾರಣಾವಾದಿಗಳು ಕಿವಿಗೊಡಲೇಬೇಕು. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲೊಂದು ಪಾಲು ನೊಂದವರಿಗೆ ಸಲ್ಲಬೇಕು ಎಂಬ 1998ರ ಸುಪ್ರೀಂ ಕೋರ್ಟಿನ ತೀರ್ಪು ಎರಡು ವಾದಗಳನ್ನೂ ಒಂದೆಡೆ ತಂದ ವಿವೇಕದ ನಡೆ. ಜೈಲಿನೊಳಗೆ ಜಾತಿಯ ಆಧಾರದಲ್ಲಿ ಕೆಲಸ ಹಂಚುವ ನಿಯಮಗಳನ್ನು ಅದೇ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ರದ್ದುಪಡಿಸಿತು. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿದೆ.

ಇಷ್ಟೆಲ್ಲ ಚರ್ಚೆಯೂ ಶಿಕ್ಷೆಗೊಳಗಾದವರನ್ನು ಕುರಿತದ್ದು. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಅವರನ್ನು ದಂಡಿಸುವ ಹಕ್ಕು ಪ್ರಭುತ್ವಕ್ಕಿಲ್ಲ, ಸುಧಾರಿಸುವ ಕಾರಣವೂ ಇಲ್ಲ. ಸೊರಬ, ಶಿಕಾರಿಪುರಗಳ ಹಳ್ಳಿಯಿಂದ ಶಿವಮೊಗ್ಗದ ಸೋಗಾನೆ ಕಾರಾಗೃಹದವರೆಗೆ ಬಂದು ಮಗನನ್ನೋ ಗಂಡನನ್ನೋ ನೋಡಿ ಹೋಗುವ ಕೂಲಿಯ ಕುಟುಂಬಕ್ಕೆ ಆ ಒಂದು ದಿನದ ದುಡಿಮೆಯ ನಷ್ಟವೂ ಶಿಕ್ಷೆಯೇ. ಜಾಮೀನಿಗೆ ಹಣವಿಲ್ಲದೆ ಒಳಗುಳಿದವರ ವಿಚಾರಣೆಯನ್ನು ಮೊದಲು ಮುಗಿಸುವುದು, ಉಳಿದ ಶಿಕ್ಷಾಬಂದಿಗಳಿಗೆ ಕಸುಬು, ಓದು, ಕೂಲಿಗಳನ್ನು ಒದಗಿಸುವುದು ಸರ್ಕಾರದ ಮುಂದಿರುವ ಹೊಣೆ. ಅದನ್ನು ಕೇಳಿ ಪಡೆಯುವುದು ನಾಗರಿಕರ ಹೊಣೆ.